ಬೆಂಗಳೂರು ನಾಗರತ್ನಮ್ಮ

ನಾಗರತ್ನಮ್ಮನವರು 1878ರಲ್ಲಿ ನಂಜನಗೂಡಿನ ದೇವದಾಸಿ ಮನೆತನವೊಂದರಲ್ಲಿ ಜನಿಸಿದರು. ತಾಯಿ ಪುಟ್ಟಲಕ್ಷ್ಮಮ್ಮನವರು ಬಡತನದಲ್ಲಿಯೂ ಮಗಳಿಗೆ ಸಂಸ್ಕೃತವನ್ನೂ ಸಂಗೀತವನ್ನೂ ಕಲಿಸಿದರು. ಬೆಂಗಳೂರಿನಲ್ಲಿ ಪಿಟೀಲು ವಿದ್ವಾಂಸರಾದ ಮುನಿಸ್ವಾಮಪ್ಪನವರು ಗುರುಗಳಾಗಿ ದೊರೆತರು. ತಾಯಿ ಬೇಗನೆ ತೀರಿಕೊಂಡರು. ಆ ಬಾಲಿಕೆಗೆ ಉಳಿದ ಆಸ್ತಿಯೆಂದರೆ ವಿದ್ಯೆ ಮತ್ತು ಕಂಠ. ಮುಂದೆ ಮದರಾಸಿನಲ್ಲಿ ನೆಲೆಸಿ ಕಚೇರಿಗಳಿಂದ ಹಣವನ್ನೂ ಕೀರ್ತಿಯನ್ನೂ ಗಳಿಸಿದರು. ಆದರೂ ತಮ್ಮ ಹೆಸರಿನ ಹಿಂದೆ ಬೆಂಗಳೂರನ್ನು ಉಳಿಸಿಕೊಂಡರು.

ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಪಾಳುಬಿದ್ದಿತ್ತು. ನಾಗರತ್ನಮ್ಮನವರು ಅಲ್ಲಿಯ ನೆಲವನ್ನು ಪಡೆದು, ಸ್ವಂತ ಹಣದಿಂದ ಗುಡಿಯನ್ನು ಕಟ್ಟಿಸಿದರು. 1926ರಲ್ಲಿ ವಿಗ್ರಹದ ಪ್ರತಿಷ್ಠೆಯಾಯಿತು. ಆದರೆ ವರ್ಷವರ್ಷವೂ ನಡೆಯುತ್ತಿದ್ದ ಆರಾಧನೆಯಲ್ಲಿ ಹಾಡಲು ಹೆಂಗಸರಿಗೆ ಅವಕಾಶವಿರಲಿಲ್ಲ. ಗುಡಿ ಕಟ್ಟಿಸಿದವರೇ ಅಲ್ಲಿ ಮೂಕರಾಗಿ ನಿಲ್ಲಬೇಕೆಂಬುದು ಎಂತಹ ವಿಚಿತ್ರ! ಅವರು ಹಿಂಜರಿಯಲಿಲ್ಲ. ಗುಡಿಯ ಮುಂದೆ ಎಡೆಯಿಲ್ಲದಿದ್ದರೆ ಹಿಂದೆಯಾದರೂ ಸರಿಯೆ. 1927ರಲ್ಲಿ ಹೆಂಗಸರದೇ ಬೇರೊಂದು ಆರಾಧನೆಯನ್ನು ಅಲ್ಲಿ ಆರಂಭಿಸಿದರು. ಅಂಜಿ ದೂರ ನಿಂತಿದ್ದ ಗಾಯಕಿಯರು ಒಬ್ಬೊಬ್ಬರಾಗಿ ಬಂದು ದನಿಗೂಡಿಸಿದರು. ಗಂಡಸರಲ್ಲಿಯೂ ಆಗ ಎರಡು ಪಂಗಡಗಳಿದ್ದವು. 1941ರ ವೇಳೆಗೆ ಎಲ್ಲವೂ ಒಂದಾಗಿ, ಹೆಂಗಸರೂ ಗಂಡಸರೂ ಒಂದೇ ಚಪ್ಪರದಲ್ಲಿ ಹಾಡಿದರು.

ನಾಗರತ್ನಮ್ಮನವರು 1952ರಲ್ಲಿ ನಿಧನರಾದರು. ಅವರ ಸಮಾಧಿ ತ್ಯಾಗರಾಜರ ಸಮಾಧಿಯ ಸಮೀಪದಲ್ಲಿಯೇ ಇದೆ.