‘ಸಾಕ್ಷಿ’ಯ ಅಡಿಗರು

ನವ್ಯಕಾವ್ಯದ ಪ್ರವರ್ತಕರೆಂದು ಹೆಸರಾದ ಗೋಪಾಲಕೃಷ್ಣ ಅಡಿಗರು 1918ರ ಫೆಬ್ರವರಿ 18ರಂದು, ಇಂದು ಉಡುಪಿ ಜಿಲ್ಲೆಗೆ ಸೇರಿರುವ ಮೊಗೇರಿಯ ವೈದಿಕ ಮನೆತನವೊಂದರಲ್ಲಿ ಜನಿಸಿದರು. ಮನೆಯ ಕಾವ್ಯವಾಚನ ಹಾಗೂ ಊರಿನ ಯಕ್ಷಗಾನ ಬಾಲಕನ ಕಿವಿಯನ್ನು ಪಳಗಿಸಿದವು. ಎಳೆಯ ವಯಸ್ಸಿನಲ್ಲಿಯೇ ಅವರು ಪದ್ಯರಚನೆಗೆ ತೊಡಗಿದರು. ಮುಂದೆ ಮೈಸೂರಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು.

‘ಭಾವತರಂಗ’ (1946), ‘ಕಟ್ಟುವೆವು ನಾವು’ (1948) ಸಂಕಲನಗಳು ಅವರಿಗೆ ಕೀರ್ತಿಯನ್ನು ತಂದವು. ಅದೇ ಹಾದಿಯಲ್ಲಿ ನಡೆದಿದ್ದರೆ ಮೆಚ್ಚುಗೆಗೆ ಕೊರತೆಯಿರುತ್ತಿರಲಿಲ್ಲ. ಆದರೆ ಸ್ವಾತಂತ್ರ್ಯಾನಂತರದ ನಿರಾಸೆಯನ್ನೂ ಮನದ ತುಮುಲವನ್ನೂ ಹೇಳಲು ರೂಢಿಯ ಇಂಪಾದ ನುಡಿ ಸಾಲದೆಂದು ಅವರಿಗೆ ಮನವರಿಕೆಯಾಯಿತು. ಅನ್ಯರ ಕಾವ್ಯಕ್ಕಿಂತ ಮೊದಲು ತಮ್ಮ ಕಾವ್ಯವನ್ನೇ ಒರೆಗೆ ಹಚ್ಚಿದರು. 1954ರಲ್ಲಿ ‘ಚಂಡೆಮದ್ದಳೆ’ ಹೊರಬಂದಿತು. ಕರಾವಳಿಯ ಆಟದ ವಾದ್ಯಗಳ ಹೆಸರು ಹೊತ್ತ ಈ ಕೃತಿಯಲ್ಲಿ ಆಡುಮಾತಿನ ಬಿರುಸು, ವ್ಯಂಗ್ಯ, ಹೊಸ ಪ್ರತಿಮೆಗಳು ಒಂದುಗೂಡಿದ್ದವು. ಹಲವರಿಗೆ ಇದು ಕ್ಲಿಷ್ಟವೆನಿಸಿತು.

ಹೊಸ ಕಾವ್ಯಕ್ಕೆ ಹೊಸ ಬಗೆಯ ಓದು ಅಗತ್ಯವಾಗಿತ್ತು. ಇಂಗ್ಲೆಂಡಿನ ವಿಮರ್ಶಕ ಐ. ಎ. ರಿಚರ್ಡ್ಸ್ ಕೇಂಬ್ರಿಜ್‌ನ ವಿದ್ಯಾರ್ಥಿಗಳಿಗೆ ಕವಿಯ ಹೆಸರನ್ನು ಮರೆಮಾಡಿ ಕವಿತೆಗಳನ್ನು ಕೊಟ್ಟು, ಅವರ ಅಭಿಪ್ರಾಯಗಳನ್ನು ಪರಿಶೀಲಿಸಿದ್ದರು. ಹೆಸರಿನ ಆಸರೆ ತಪ್ಪಿದಾಗ ಸುಶಿಕ್ಷಿತರೂ ಎಡವಿದುದನ್ನು 1929ರಲ್ಲಿ ಗ್ರಂಥರೂಪದಲ್ಲಿ ತೋರಿಸಿದರು. ಕವಿಯ ಕೀರ್ತಿಯನ್ನಲ್ಲ, ಕವಿತೆಯ ಶಬ್ದ, ಲಯ, ಪ್ರತಿಮೆ, ಧ್ವನಿಗಳನ್ನು ನೋಡಿ ಬೆಲೆಕಟ್ಟಬೇಕೆಂಬ ಈ ನಿಲುವು ಕನ್ನಡದ ನವ್ಯ ವಿಮರ್ಶೆಯಲ್ಲಿಯೂ ಬೇರೂರಿತು.

1962ರಲ್ಲಿ ಅಡಿಗರು ‘ಸಾಕ್ಷಿ’ ಎಂಬ ತ್ರೈಮಾಸಿಕವನ್ನು ಆರಂಭಿಸಿದರು. ಕಂಡುದನ್ನು ಕಂಡಂತೆ ನುಡಿಯುವುದು ಸಾಕ್ಷಿಯ ಧರ್ಮ. ಹೊಸ ಕವಿತೆ, ಕಥೆಗಳೊಡನೆ ಅವುಗಳ ನಿಷ್ಠುರ ವಿಮರ್ಶೆಗೂ ಅದು ಎಡೆಗೊಟ್ಟಿತು. ಕವಿತೆಯನ್ನು ಪದಪದವಾಗಿ ಬಿಡಿಸಿ ನೋಡುವ, ಹೊಗಳಿಕೆಗೂ ತೆಗಳಿಕೆಗೂ ಆಧಾರವನ್ನು ಕವಿತೆಯಲ್ಲಿಯೇ ತೋರಿಸುವ ಶಿಸ್ತು ಅಂದಿನ ತರುಣ ಲೇಖಕರಲ್ಲಿ ಬೆಳೆಯಿತು. ಈ ಶಿಸ್ತು ಕೆಲವೊಮ್ಮೆ ಕಠೋರವೆನಿಸಿದರೂ, ಮುಖಸ್ತುತಿಯಿಂದ ಸಾಹಿತ್ಯ ಬೆಳೆಯದೆಂಬುದನ್ನು ಕನ್ನಡಿಗರಿಗೆ ಮನಗಾಣಿಸಿತು.

ಸಾಗರದ ಕಾಲೇಜಿನಲ್ಲಿ ಪ್ರಾಂಶುಪಾಲರಾಗಿದ್ದ ಅಡಿಗರು 1968ರಲ್ಲಿ ಉಡುಪಿಯ ಪೂರ್ಣಪ್ರಜ್ಞ ಕಾಲೇಜಿಗೆ ಪ್ರಾಂಶುಪಾಲರಾಗಿ ಬಂದರು. ಹೀಗೆ ಹುಟ್ಟುನಾಡಿನ ತರುಣರಿಗೆ ಅವರ ಸಾನ್ನಿಧ್ಯ ದೊರೆಯಿತು. ‘ವರ್ಧಮಾನ’ ಸಂಕಲನಕ್ಕೆ 1974ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. 1979ರಲ್ಲಿ ಧರ್ಮಸ್ಥಳದಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. 1992ರ ನವೆಂಬರ್ 14ರಂದು ಬೆಂಗಳೂರಿನಲ್ಲಿ ನಿಧನರಾದರು.

ಅಡಿಗರ ಕವಿತೆಗಳ ವಿಷಯದಲ್ಲಿ ಇಂದಿಗೂ ಭಿನ್ನಾಭಿಪ್ರಾಯಗಳುಂಟು. ಅವರು ಇದಕ್ಕೆ ಅಂಜಿದವರಲ್ಲ. ಕವಿತೆಯನ್ನು ಓದಿ ಒಪ್ಪದಿರುವುದು ದೋಷವಲ್ಲ. ಓದದೆಯೇ ತಲೆದೂಗುವುದು ಕವಿಗೆ ಸಲ್ಲುವ ಗೌರವವೂ ಅಲ್ಲ.