ನೀರುಚಿಗಟದ ಮೈಯಲ್ಲಿ ಕಾಳಗ ಕಂಡ ಮೆಚ್ನಿಕಾಫ್

ಕೆರೆಯ ನೀರನ್ನು ಗಾಜಿನ ಲೋಟದಲ್ಲಿ ತುಂಬಿ ಬೆಳಕಿಗೆ ಹಿಡಿದರೆ ಸಣ್ಣ ಸಣ್ಣ ಜೀವಿಗಳು ಕುಪ್ಪಳಿಸುವುದನ್ನು ನೀವು ಕಂಡಿರಬಹುದು. ಅವುಗಳಲ್ಲಿ ನೀರುಚಿಗಟವೂ ಒಂದು. ಹೆಸರು ಚಿಗಟವಾದರೂ ಕುಲ ಏಡಿ, ಸಿಗಡಿಗಳದು. ಮೈ ಗಾಜಿನಂತೆ ಪಾರದರ್ಶಕ. ರೋಗಾಣು ಒಳಹೊಕ್ಕಾಗ ದೇಹ ಹೇಗೆ ಕಾದಾಡುತ್ತದೆಂಬುದನ್ನು ಈ ಅಲ್ಪ ಜೀವಿಯಲ್ಲಿ ಕಂಡು ಜಗತ್ತಿಗೆ ತಿಳಿಸಿದವನು ಇಲ್ಯಾ ಮೆಚ್ನಿಕಾಫ್.

ಈತ ಹುಟ್ಟಿದ್ದು 1845ರಲ್ಲಿ, ಈಗಿನ ಯುಕ್ರೇನಿನ ಖಾರ್ಕಿವ್ ಸಮೀಪದ ಹಳ್ಳಿಯಲ್ಲಿ. ಆ ನಾಡು ಆಗ ರಷ್ಯದ ಚಕ್ರವರ್ತಿಯ ಕೈಕೆಳಗಿತ್ತು. ವಿಶ್ವವಿದ್ಯಾಲಯದ ನಾಲ್ಕು ವರ್ಷದ ಓದನ್ನು ಎರಡೇ ವರ್ಷದಲ್ಲಿ ಮುಗಿಸಿ, ಮುಂದೆ ಒಡೆಸ್ಸಾದಲ್ಲಿ ಪ್ರಾಧ್ಯಾಪಕನಾದ. ಮನೆಯ ಸುಖ ಮಾತ್ರ ಒಲಿಯಲಿಲ್ಲ. ಮೊದಲ ಹೆಂಡತಿ ಲುದ್ಮಿಲಾ ಕ್ಷಯರೋಗಿ. ಮದುವೆಯ ದಿನವೇ ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ ಇಗರ್ಜಿಗೆ ಹೊತ್ತೊಯ್ಯಬೇಕಾಯಿತು. 1873ರಲ್ಲಿ ಆಕೆ ತೀರಿಕೊಂಡಾಗ ಮೆಚ್ನಿಕಾಫ್ ಪ್ರಾಣ ಕಳೆದುಕೊಳ್ಳಲು ಹೋಗಿ ಹೇಗೋ ಉಳಿದ.

ರೈತರಾದ ನಿಮಗೆ ಈತನ ಇನ್ನೊಂದು ಕೆಲಸವೂ ತಿಳಿದಿರಲಿ. ಗೋಧಿ ಬೆಳೆಯನ್ನು ಹಾಳುಮಾಡುತ್ತಿದ್ದ ದುಂಬಿಗೆ ಹಸಿರು ಶಿಲೀಂಧ್ರವೊಂದನ್ನು ತಗುಲಿಸಿ ಕೊಲ್ಲಬಹುದೆಂದು 1879ರಲ್ಲಿ ತೋರಿಸಿದವನು ಈತನೇ. ಇಂದು ಕಬ್ಬಿನ ಗೊಣ್ಣೆ ಹುಳುವಿಗೆ ಬಳಸುವ ಮೆಟಾರೈಜಿಯಂ ಅದೇ.

1882ರಲ್ಲಿ ಕೆಲಸ ಬಿಟ್ಟು ಇಟಲಿಯ ಮೆಸ್ಸೀನಾಕ್ಕೆ ಬಂದ. ಅಲ್ಲಿ ನಕ್ಷತ್ರ ಮೀನಿನ ಮರಿಯ ಮೈಗೆ ಗುಲಾಬಿಯ ಮುಳ್ಳು ಚುಚ್ಚಿಟ್ಟ. ಬೆಳಗಾಗುವಷ್ಟರಲ್ಲಿ ಮುಳ್ಳಿನ ಸುತ್ತ ಅಲೆದಾಡುವ ಕಣಗಳು ಮುತ್ತಿಕೊಂಡಿದ್ದವು. ಹಾಗಾದರೆ ರೋಗಾಣು ಬಂದರೂ ಇವು ಮುತ್ತಬೇಕಲ್ಲವೇ? ಉತ್ತರ ಸಿಕ್ಕಿದ್ದು ನೀರುಚಿಗಟದಲ್ಲಿ. ಯೀಸ್ಟ್ ಜಾತಿಯ ಶಿಲೀಂಧ್ರದ ಸೂಜಿಯಂಥ ಬೀಜಕಣಗಳನ್ನು ಅದು ನೀರಿನೊಡನೆ ನುಂಗುತ್ತದೆ. ಅವು ಕರುಳು ತೂರಿ ಮೈಯೊಳಗೆ ನುಗ್ಗುತ್ತವೆ. ರಕ್ತಕಣಗಳು ಓಡಿಬಂದು ಅವನ್ನು ಸುತ್ತುವರಿದು ಕರಗಿಸಿದರೆ ನೀರುಚಿಗಟ ಉಳಿಯಿತು. ಬೀಜಕಣ ಮೊಳೆತು ಹೆಚ್ಚಿಕೊಂಡರೆ ರಕ್ತಕಣಗಳೇ ನಾಶವಾಗಿ ಅದು ಸತ್ತಿತು. ಇದನ್ನು 1884ರಲ್ಲಿ ಪ್ರಕಟಿಸಿದ. ನೆರಡಿ ರೋಗದ ಬ್ಯಾಕ್ಟೀರಿಯಾವನ್ನೂ ಪ್ರಾಣಿಗಳ ಬಿಳಿ ರಕ್ತಕಣಗಳು ನುಂಗುತ್ತವೆಂದು ತೋರಿಸಿದ.

ನಮ್ಮ ಕುಮಟಾ ಕಡೆಯ ಗಜನಿ ಭೂಮಿಯ ಸಿಗಡಿಯಲ್ಲೂ ಕಾವಲು ಇಂಥದೇ. ದನಕರುಗಳಲ್ಲಿರುವಂಥ ಪ್ರತಿಕಾಯಗಳು ಸಿಗಡಿಗಿಲ್ಲ. ಗಟ್ಟಿ ಚಿಪ್ಪೇ ಮೊದಲ ಕೋಟೆ. ಪೊರೆ ಕಳಚಿದಾಗ ಅದೂ ಮೆತ್ತಗೆ. ಗಾಯದ ಮೂಲಕ ವಿಬ್ರಿಯೋ ಬ್ಯಾಕ್ಟೀರಿಯಾ ಹೊಕ್ಕರೆ ಕೆಲವು ರಕ್ತಕಣಗಳು ಅದನ್ನು ನುಂಗುತ್ತವೆ. ಇನ್ನು ಕೆಲವು ತಾವೇ ಒಡೆದು ರೋಗಾಣು ಕೊಲ್ಲುವ ವಸ್ತುಗಳನ್ನು ಚೆಲ್ಲುತ್ತವೆ. ರಕ್ತ ಹೆಪ್ಪುಗಟ್ಟಿ ಗಾಯ ಮುಚ್ಚುತ್ತದೆ. ಜೀವಂತ ಸಿಗಡಿಯ ಗಾಯದಲ್ಲಿ ಕಾಣುವ ಕಪ್ಪು ಕಲೆ ಈ ಹೋರಾಟದ ಗುರುತು.

ಮೆಚ್ನಿಕಾಫನ ಮಾತನ್ನು ಜರ್ಮನಿಯ ಅನೇಕ ಪಂಡಿತರು ಒಪ್ಪಲಿಲ್ಲ. ರೋಗಾಣು ಸಾಯುವುದು ರಕ್ತದ ದ್ರವದಿಂದ, ಕಣಗಳಿಂದಲ್ಲ ಎಂಬುದು ಅವರ ವಾದ. ಊರಿನಲ್ಲೂ ನೆಮ್ಮದಿಯಿರಲಿಲ್ಲ. ಒಡೆಸ್ಸಾದ ಅವನ ಸಂಸ್ಥೆಯಿಂದ ನೆರಡಿ ಲಸಿಕೆ ಹಾಕಿಸಿದ ಸಾವಿರಾರು ಕುರಿಗಳು ಸತ್ತವು. ಆಗ ಅವನು ಊರಿನಲ್ಲಿರಲಿಲ್ಲ, ಆದರೂ ಬೈಗುಳ ತಪ್ಪಲಿಲ್ಲ. ಕುರಿ ಕಳೆದುಕೊಂಡವರ ಸಿಟ್ಟು ಸಹಜವೇ. 1888ರಲ್ಲಿ ಪ್ಯಾರಿಸ್ಸಿಗೆ ಹೋದ. ಪಾಶ್ಚರ್ ಸಂಸ್ಥೆ ಜಾಗ ಕೊಟ್ಟಿತು. ಕಡೆಗೆ ಕಣವೂ ಬೇಕು, ದ್ರವವೂ ಬೇಕು ಎಂದು ತಿಳಿದುಬಂತು. 1908ರ ನೊಬೆಲ್ ಬಹುಮಾನವನ್ನು ಎದುರು ಪಕ್ಷದ ಪಾಲ್ ಎರ್ಲಿಕ್ ಜೊತೆ ಹಂಚಿಕೊಂಡ.

ಮುಪ್ಪಿನಲ್ಲಿ ದಿನವೂ ಹುಳಿ ಹಾಲು ಕುಡಿಯುತ್ತಿದ್ದ, ಮೊಸರು ಆಯುಸ್ಸು ಹೆಚ್ಚಿಸುತ್ತದೆಂದು ಬರೆದ. 1916ರಲ್ಲಿ ತೀರಿಕೊಂಡ. ಚಿತಾಭಸ್ಮವನ್ನು ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಇರಿಸಲಾಗಿದೆ.