ಒಬ್ಬರೇ ಓಡಿ ಚಿನ್ನ ಗೆದ್ದ ಹಾಲ್ಸ್‌ವೆಲ್

ಒಲಿಂಪಿಕ್ಸ್ ಅಥ್ಲೆಟಿಕ್ಸ್ ಇತಿಹಾಸದಲ್ಲಿ ಅಂತಿಮ ಓಟವನ್ನು ಎದುರಾಳಿಗಳೇ ಇಲ್ಲದೆ ಓಡಿ ಚಿನ್ನದ ಪದಕ ಪಡೆದವರು ಒಬ್ಬರೇ. ಅವರು ಬ್ರಿಟನ್ನಿನ ಸೇನಾಧಿಕಾರಿ ವಿಂಡ್‌ಹ್ಯಾಮ್ ಹಾಲ್ಸ್‌ವೆಲ್. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ದೊರೆತ ಆ ಪದಕ ಅವರಿಗೆ ಸಂತಸ ತರಲಿಲ್ಲ. ಆದರೆ ಅದರ ಸುತ್ತ ಎದ್ದ ವಿವಾದ, ಓಟದ ಅಂಗಳದಲ್ಲಿ ತೀರ್ಪು ನೀಡುವ ಕ್ರಮವನ್ನೇ ಬದಲಿಸಲು ನೆರವಾಯಿತು.

ಹಾಲ್ಸ್‌ವೆಲ್ ಜನಿಸಿದ್ದು 1882ರ ಮೇ 30ರಂದು, ಲಂಡನ್ನಿನಲ್ಲಿ. ತಂದೆ ಕೀಲಿ ಹಾಲ್ಸ್‌ವೆಲ್ ಹೆಸರಾಂತ ಚಿತ್ರಕಾರರು. ಸ್ಯಾಂಡ್‌ಹರ್ಸ್ಟ್ ಸೇನಾ ಶಾಲೆಯಲ್ಲಿ ತರಬೇತಿ ಮುಗಿಸಿದ ಹಾಲ್ಸ್‌ವೆಲ್ 1901ರಲ್ಲಿ ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿ ಸೇರಿದರು. ಬೋಯರ್ ಯುದ್ಧದ ನಿಮಿತ್ತ ದಕ್ಷಿಣ ಆಫ್ರಿಕಾಕ್ಕೆ ತೆರಳಿದಾಗ, ಅವರೊಳಗಿನ ಓಟಗಾರನನ್ನು ಗುರುತಿಸಿದವರು ಜಿಮ್ಮಿ ಕರ್ರನ್. ತಾಯ್ನಾಡಿಗೆ ಮರಳಿದ ಮೇಲೆ ಕರ್ರನ್ ಅವರ ಒತ್ತಾಸೆಯಿಂದಲೇ ಹಾಲ್ಸ್‌ವೆಲ್ ಓಟವನ್ನು ಗಂಭೀರವಾಗಿ ಅಭ್ಯಾಸ ಮಾಡತೊಡಗಿದರು.

ಏಳಿಗೆ ಶೀಘ್ರವಾಗಿಯೇ ಬಂದಿತು. 1906ರಲ್ಲಿ ಅಥೆನ್ಸ್‌ನಲ್ಲಿ ನಡೆದ ಮಧ್ಯಂತರ ಕ್ರೀಡಾಕೂಟದಲ್ಲಿ ಅವರು 400 ಮೀಟರ್ ಓಟದಲ್ಲಿ ಬೆಳ್ಳಿ, 800 ಮೀಟರ್ ಓಟದಲ್ಲಿ ಕಂಚು ಗೆದ್ದರು. ಅದೇ ವರ್ಷ ಸ್ಕಾಟ್ಲೆಂಡ್ ಚಾಂಪಿಯನ್‌ಷಿಪ್‌ನಲ್ಲಿ 100, 220, 440 ಹಾಗೂ 880 ಗಜಗಳ ನಾಲ್ಕೂ ಓಟಗಳನ್ನು ಒಂದೇ ಮಧ್ಯಾಹ್ನ ಗೆದ್ದು ಬೆರಗು ಮೂಡಿಸಿದರು. ಕಿರು ಅಂತರದ ವೇಗ ಮತ್ತು ಮಧ್ಯಮ ಅಂತರದ ದಮ್ಮು ಎರಡೂ ಅವರಲ್ಲಿ ಕೂಡಿಬಂದಿದ್ದವು.

ಹೀಗಾಗಿ 1908ರ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಚಿನ್ನಕ್ಕೆ ಬ್ರಿಟನ್ ನೆಚ್ಚಿಕೊಂಡದ್ದು ಅವರನ್ನೇ. ಎರಡನೇ ಸುತ್ತಿನಲ್ಲಿ 48.4 ಸೆಕೆಂಡುಗಳ ಒಲಿಂಪಿಕ್ ದಾಖಲೆ ನಿರ್ಮಿಸಿ ಅವರು ಫೈನಲ್ ತಲುಪಿದರು. ಅಂತಿಮ ಓಟಕ್ಕೆ ಅರ್ಹರಾದ ಉಳಿದ ಮೂವರೂ ಅಮೆರಿಕದವರು: ಜಾನ್ ಕಾರ್ಪೆಂಟರ್, ವಿಲಿಯಂ ರಾಬಿನ್ಸ್ ಮತ್ತು ಜಾನ್ ಟೇಲರ್.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆಗ 400 ಮೀಟರ್ ಓಟಕ್ಕೆ ಇಂದಿನಂತೆ ಪ್ರತ್ಯೇಕ ಲೇನ್‌ಗಳು ಇರಲಿಲ್ಲ. ಇಂದಿನ 800 ಮೀಟರ್ ಓಟದಲ್ಲಿ ಮೊದಲ ತಿರುವಿನ ನಂತರ ನಡೆಯುವಂತೆ, ಓಟಗಾರರು ಒಳಅಂಚಿಗಾಗಿ ಪೈಪೋಟಿ ನಡೆಸುತ್ತ, ಒಬ್ಬರ ಪಕ್ಕದಲ್ಲಿ ಒಬ್ಬರು ನುಗ್ಗಿ ಓಡುತ್ತಿದ್ದರು. ಎದುರಾಳಿಗೆ ಬೇಕೆಂದೇ ಅಡ್ಡ ಬರುವುದು ಬ್ರಿಟಿಷ್ ನಿಯಮಗಳ ಪ್ರಕಾರ ತಪ್ಪು. ಅಮೆರಿಕದ ಕೂಟಗಳಲ್ಲಿ ಈ ವಿಷಯದಲ್ಲಿ ಅಷ್ಟು ಬಿಗಿ ಇರಲಿಲ್ಲ. ಲಂಡನ್ನಿನ ಕೂಟ ನಡೆಯುತ್ತಿದ್ದುದು ಬ್ರಿಟಿಷ್ ನಿಯಮಗಳ ಅಡಿಯಲ್ಲಿ, ಬ್ರಿಟಿಷ್ ತೀರ್ಪುಗಾರರ ಕೈಯಲ್ಲಿ. ಮೂವರು ಒಬ್ಬರ ವಿರುದ್ಧ ಕೂಡಿ ಓಡಬಹುದೆಂಬ ಶಂಕೆಯಿಂದ, ಓಟಪಥದುದ್ದಕ್ಕೂ ಅಂಪೈರ್‌ಗಳನ್ನು ನಿಲ್ಲಿಸಲಾಗಿತ್ತು.

ಜುಲೈ 23ರಂದು ಓಟ ನಡೆಯಿತು. ಆರಂಭದಲ್ಲಿ ರಾಬಿನ್ಸ್ ಮುಂದಿದ್ದರು. ಕೊನೆಯ ನೇರ ಹಾದಿಯತ್ತ ಹೊರಳುವ ವೇಳೆಗೆ ಕಾರ್ಪೆಂಟರ್ ಮುನ್ನಡೆ ಪಡೆದರು. ಹಾಲ್ಸ್‌ವೆಲ್ ಹೊರಬದಿಯಿಂದ ಅವರನ್ನು ದಾಟಲು ಮುಂದಾದಾಗ ಕಾರ್ಪೆಂಟರ್ ಹೊರಕ್ಕೆ ಸರಿಯುತ್ತ ಹೋದರು. ಹಾಲ್ಸ್‌ವೆಲ್ ಓಟಪಥದ ಹೊರಅಂಚಿನವರೆಗೂ ತಳ್ಳಲ್ಪಟ್ಟರು. ಅಂಪೈರ್‌ಗಳು ತಪ್ಪಾಗಿದೆಯೆಂದು ಕೂಗಿದರು. ಓಟಗಾರರು ಗುರಿ ಮುಟ್ಟುವ ಮುನ್ನವೇ ಗುರಿಯ ದಾರವನ್ನು ಕಡಿಯಲಾಯಿತು.

ವಿಚಾರಣೆಯ ಬಳಿಕ ಕಾರ್ಪೆಂಟರ್ ಅನರ್ಹರೆಂದು ಘೋಷಿತರಾದರು. ಉಳಿದ ಮೂವರು ಎರಡು ದಿನಗಳ ನಂತರ ಮತ್ತೆ ಓಡಬೇಕೆಂದೂ, ಈ ಬಾರಿ ಓಟಪಥವನ್ನು ಹಗ್ಗಗಳಿಂದ ವಿಭಜಿಸಬೇಕೆಂದೂ ತೀರ್ಮಾನವಾಯಿತು. ಅಮೆರಿಕ ತಂಡ ಇದನ್ನು ಒಪ್ಪಲಿಲ್ಲ. ರಾಬಿನ್ಸ್, ಟೇಲರ್ ಇಬ್ಬರೂ ಕಣಕ್ಕಿಳಿಯಲಿಲ್ಲ. ಜುಲೈ 25ರಂದು ಹಾಲ್ಸ್‌ವೆಲ್ ಒಬ್ಬರೇ ಸುಮಾರು 50 ಸೆಕೆಂಡುಗಳಲ್ಲಿ ಓಟ ಮುಗಿಸಿದರು. ಬೆಳ್ಳಿ, ಕಂಚುಗಳಿಗೆ ಹಕ್ಕುದಾರರೇ ಇರಲಿಲ್ಲ.

ತೀರ್ಪು ಸರಿಯಾಗಿತ್ತೇ ಎಂಬ ಪ್ರಶ್ನೆಗೆ ನಿಯಮದ ದೃಷ್ಟಿಯಿಂದ ಉತ್ತರ ಕಷ್ಟವಲ್ಲ. ಅಡ್ಡಗಟ್ಟುವುದು ಆ ಕೂಟದ ನಿಯಮದಂತೆ ಅಪರಾಧವೇ ಆಗಿತ್ತು. ತೊಡಕಿದ್ದುದು ಬೇರೆಡೆ. ಚಿನ್ನಕ್ಕಾಗಿ ಓಡಿದವನು ಬ್ರಿಟಿಷ್, ನಿಯಮ ಬರೆದವರು ಬ್ರಿಟಿಷರು, ತಪ್ಪನ್ನು ಕಂಡವರೂ ಶಿಕ್ಷಿಸಿದವರೂ ಬ್ರಿಟಿಷರೇ. ಇಂಥಲ್ಲಿ ನ್ಯಾಯವಾದ ತೀರ್ಪು ಕೂಡ ಸೋತವರಿಗೆ ಪಕ್ಷಪಾತವಾಗಿಯೇ ಕಾಣುತ್ತದೆ. ಅಟ್ಲಾಂಟಿಕ್‌ನ ಎರಡೂ ದಡಗಳ ಪತ್ರಿಕೆಗಳಲ್ಲಿ ವಾಗ್ವಾದ ಬಹುಕಾಲ ನಡೆಯಿತು.

ಈ ಕಲಹದ ನಡುವೆ ಸಿಕ್ಕಿಕೊಂಡವರಿಗೆ ದೊರೆತದ್ದು ಕಡಿಮೆ. ಜಾನ್ ಟೇಲರ್ ಅದೇ ಕೂಟದ ರಿಲೇ ಓಟದಲ್ಲಿ ಚಿನ್ನ ಗೆದ್ದು, ಆ ಸಾಧನೆ ಮಾಡಿದ ಮೊದಲ ಆಫ್ರಿಕನ್ ಅಮೆರಿಕನ್ ಎನಿಸಿದರು. ಆದರೆ ಅದೇ ವರ್ಷದ ಡಿಸೆಂಬರ್‌ನಲ್ಲಿ ವಿಷಮಶೀತ ಜ್ವರಕ್ಕೆ ಬಲಿಯಾದರು. ಹಾಲ್ಸ್‌ವೆಲ್‌ಗೆ ಒಲಿಂಪಿಕ್ಸ್‌ನ ಕಹಿ ಮರೆಯಲಾಗಲಿಲ್ಲ. ಅವರ ಹೆಸರು ದುರುಪಯೋಗವಾಗುತ್ತಿದೆ ಎಂಬ ಅಸಮಾಧಾನ ಸೇನೆಯ ಹಿರಿಯ ಅಧಿಕಾರಿಗಳಲ್ಲಿಯೂ ಇತ್ತು. 1908ರಲ್ಲಿಯೇ ಗ್ಲಾಸ್ಗೋದಲ್ಲಿ ವಿದಾಯದ ಓಟ ಓಡಿ, 26ರ ಹರೆಯದಲ್ಲಿ ಅವರು ಓಟದ ಅಂಗಳದಿಂದ ದೂರ ಸರಿದರು.

ಅವರು ಬಿಟ್ಟುಹೋದ ಪ್ರಶ್ನೆ ಮಾತ್ರ ಅಂಗಳದಲ್ಲೇ ಉಳಿಯಿತು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಸೆಮಿಫೈನಲ್‌ನಲ್ಲಿ ಮತ್ತೆ ತಳ್ಳಾಟ ನಡೆದು ಅಮೆರಿಕದ ಓಟಗಾರರೊಬ್ಬರು ಅನರ್ಹರಾದಾಗ, ಫೈನಲ್ ಅನ್ನು ಲೇನ್‌ಗಳಲ್ಲಿ ಓಡಿಸಲಾಯಿತು. ಅದೇ ಜುಲೈನಲ್ಲಿ, ಅದೇ ನಗರದಲ್ಲಿ, ಎಲ್ಲ ದೇಶಗಳಿಗೂ ಒಂದೇ ನಿಯಮಾವಳಿ ರೂಪಿಸುವ ಉದ್ದೇಶದ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಜನ್ಮ ತಳೆಯಿತು. ಇಂದಿನ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಅದರ ಮುಂದುವರಿಕೆಯೇ ಆಗಿದೆ.

ಹಾಲ್ಸ್‌ವೆಲ್ ಮೊದಲ ಮಹಾಯುದ್ಧದಲ್ಲಿ ಕ್ಯಾಪ್ಟನ್ ಆಗಿ ಫ್ರಾನ್ಸ್‌ನಲ್ಲಿ ಹೋರಾಡಿದರು. 1915ರ ಮಾರ್ಚ್ 31ರಂದು ನ್ಯೂವ್ ಶಾಪೆಲ್ ಬಳಿ, ಗಾಯಗೊಂಡು ಬಿದ್ದಿದ್ದ ಸಹ ಅಧಿಕಾರಿಯನ್ನು ರಕ್ಷಿಸಲು ಹೋದಾಗ ಹೊಂಚುಗುಂಡಿಗೆ ಬಲಿಯಾದರು. ಆಗ ಅವರ ವಯಸ್ಸು 32.

ಲೇನ್‌ಗಳು ಬಂದ ಮೇಲೆ ವಿವಾದ ನಿಂತಿತೆಂದಲ್ಲ. 800 ಮೀಟರ್ ಓಟದಲ್ಲಿ ಮೊದಲ ತಿರುವು ಮುಗಿಯುವವರೆಗೆ ತಮ್ಮ ಲೇನ್ ಬಿಡುವಂತಿಲ್ಲ. 1986ರ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ಈ ನಿಯಮ ತಪ್ಪಿದ ಕಾರಣ ಚಿನ್ನದ ಭರವಸೆ ಮೂಡಿಸಿದ್ದ ಭಾರತದ ಶೈನಿ ಅಬ್ರಹಾಂ ಅನರ್ಹಗೊಂಡರು. ಆ ನೋವು ದೊಡ್ಡದು. ಆದರೆ ಆ ಗೆರೆ ಯಾವ ದೇಶದ್ದೂ ಆಗಿರಲಿಲ್ಲ, ಎಲ್ಲರಿಗೂ ಒಂದೇ ಆಗಿತ್ತು. ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಓಡುವ ಶಾಲಾ ಬಾಲಕಿಗೂ, ಒಲಿಂಪಿಕ್ಸ್ ಫೈನಲ್ ಓಡುವವರಿಗೂ ಅನ್ವಯಿಸುವ ಗೆರೆ ಅದು. ಸೋತವರೂ ತೀರ್ಪನ್ನು ನಂಬುವಂತಾಗಬೇಕೆಂಬ ಪಾಠವನ್ನು ಅಥ್ಲೆಟಿಕ್ಸ್ ಕಲಿಯಲು ಹಾಲ್ಸ್‌ವೆಲ್ ಒಬ್ಬರೇ ಓಡಬೇಕಾಯಿತು.